ಗಾಜಿನಕ್ಕ ಮತ್ತು ಎರಡು ಬೆರಳಿನ ತಗ್ಗು

ಮೊದಲ ಸಲ ಕಂಡಾಗ, ಕಾರುಗಳಿಗೆ ಗಾಜು ಕೂರಿಸುವ ಗಾಜಿನಕ್ಕ ಕಿವಿಯೋಲೆ ಕಳೆದುಕೊಂಡಿದ್ದಾಳೆ ಎಂದೇ ಭಾವಿಸಿದ್ದೆ. ಬೆಳಗ್ಗೆ ಗ್ಯಾರೇಜಿಗೆ ಕಾರು ಒಪ್ಪಿಸಿ ಚಹಾ ಕುಡಿದು ಬರುವಷ್ಟರಲ್ಲಿ, ಆಕೆ ಅದರ ಮುಂದೆ ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ಮಲಗಿದ್ದಳು. ಪರೋಪಕಾರಿಯಾದ ನಾನು ಪ್ಯಾಂಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ಮಂಡಿಯೂರಿ ಹುಡುಕತೊಡಗಿದೆ.

"ಸಾರ್, ದಾರದ ಮೇಲೆ ಕೂತಿದೀರಿ. ಏಳಿ."

ಅದು ಕಾರಿನ ನಟ್ಟನಡುವಿನಿಂದ ಎದುರಿನ ಚೌಕಳಿ ಹಲಗೆಗೆ ಎಳೆದ ಅಳತೆಯ ದಾರ. ಹಿಂದಿನ ವಾರ ನನ್ನ ತಮ್ಮ ಕಾರು ತಂದಾಗ ಆಕೆಯೇ ಹೊಸ ಮುಂಗಾಜು ಕೂರಿಸಿದ್ದಳು. ಅಂದಿನಿಂದ, ಗಾಜಿನ ಹಿಂದೆ ಕೂತು ರಸ್ತೆಯ ಬಿಳಿ ಗೆರೆ ಕಾಯುವ ಕ್ಯಾಮೆರಾ, ನಾನು ನೆಟ್ಟಗೆ ಹೋಗುತ್ತಿದ್ದರೂ ಗೆರೆ ದಾಟಿದೆನೆಂದು ಕಿರುಚುತ್ತಿತ್ತು. ಹಲಗೆ ತೋರಿಸಿ ಅದಕ್ಕೆ ಮತ್ತೆ ನೋಡಲು ಕಲಿಸಬೇಕಿತ್ತು.

"ಡಿಕ್ಕಿ ಖಾಲಿ ತಾನೆ ಸಾರ್?"

"ಖಾಲಿ," ಎಂದೆ, ಸಭಾಧ್ಯಕ್ಷನ ಗತ್ತಿನಲ್ಲಿ.

ಸಂಜೆ ನಾಲ್ಕರೊಳಗೆ ನಾಲ್ಕು ಸಲ ಕಲಿಸಿದ್ದಾಯಿತು. ನಾಲ್ಕು ಸಲವೂ ಆಕೆಯ ಕೈಯಲ್ಲಿನ ಪರೀಕ್ಷಾ ಯಂತ್ರದ ಪರದೆ, ಆಗಲಿಲ್ಲ ಎಂದು ಕೆಂಪಾಯಿತು. ಗ್ಯಾರೇಜಿನ ಯಜಮಾನ ಬಾಗಿಲಿಗೆ ಬಂದ.

"ಈ ತಿಂಗ್ಳು ನಿನ್ ಕೈಯಿಂದ ವಾಪಸ್ ಬಂದಿರೋ ಮೂರನೇ ಕಾರಮ್ಮ ಇದು. ಐದು ಗಂಟೆಯೊಳಗೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಆಕೆ ಗಾಜು ಒರೆಸಿದಳು, ಚಕ್ರಗಳ ಗಾಳಿ ನೋಡಿದಳು, ದಾರ ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಕೆಂಪು. ಅಷ್ಟರಲ್ಲಿ ಫೋನು.

"ಮಗೂನ ನೀವೇ ಕರ್ಕೊಂಡ್ಬನ್ನಿ ಅತ್ತೆ... ಇಲ್ಲ, ಕೆಲ್ಸ ಇನ್ನೂ ಹೋಗಿಲ್ಲ. ಅಳ್ತಿಲ್ಲ, ನೆಗಡಿ."

ಫೋನು ಜೇಬಿಗಿಳಿಸಿ, ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಟೇಪು ಹಿಡಿದು, ಚಕ್ರದಿಂದ ಮೇಲಿನ ತಗಡಿನವರೆಗೆ ಮುಂದೆ ಅಳೆದಳು, ಹಿಂದೆ ಅಳೆದಳು. ಹಿಂದೆ ಎರಡು ಬೆರಳು ತಗ್ಗು. ನನ್ನನ್ನು ಕೇಳದೆಯೇ ಡಿಕ್ಕಿ ತೆರೆದಳು.

ಹೊಟ್ಟೆ ಕರಗಿಸಲೆಂದು ಹೋದ ವರ್ಷ ಕೊಂಡು, ಇಳಿಸುವುದನ್ನೇ ಮರೆತಿದ್ದ ವ್ಯಾಯಾಮದ ಕಬ್ಬಿಣದ ಬಿಲ್ಲೆಗಳು. ನೂರು ಕಿಲೋ. ಆ ಭಾರಕ್ಕೆ ಕಾರು ಮೂತಿ ಎತ್ತಿತ್ತು; ಕ್ಯಾಮೆರಾ ಇರಬೇಕಾದ್ದಕ್ಕಿಂತ ಮೇಲೆ ನೋಡುತ್ತಿತ್ತು. ಒಂದು ಬಿಲ್ಲೆ ಎತ್ತಿದ್ದಕ್ಕೇ ನನ್ನ ಸೊಂಟ ಹಿಡಿಯಿತು. ಉಳಿದವನ್ನು ಆಕೆಯೇ ಎರಡೆರಡಾಗಿ ಇಳಿಸಿದಳು.

ಐದಕ್ಕೆ ಎಂಟು ನಿಮಿಷವಿರುವಾಗ ಪರದೆ ಹಸಿರಾಯಿತು. ಆಕೆ ನಗಲಿಲ್ಲ. ಕೂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ: "ಅಲ್ಲಮ್ಮ, ಡಿಕ್ಕಿಯಲ್ಲಿ ಏನೋ ಇದೆ ಅಂತ ಹೆಂಗೆ ಗೊತ್ತಾಯ್ತು? ನನ್ ಮುಖ ನೋಡಿದ್ರಾ?"

"ಚಕ್ರ ನೋಡ್ದೆ ಸಾರ್. ನಿಮ್ ಮುಖ ನೋಡಿ ನಂಬಿದ್ದಕ್ಕೇ ಕೆಲ್ಸ ಹೋಗ್ತಿತ್ತು."