ಬೈರಾಸಿನಲ್ಲಿ ಸುತ್ತಿದ ಪೆಟ್ಟಿಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಟಿವಿಯ ಪಕ್ಕದಲ್ಲೇ ಅಜ್ಜಿಯ ಮಂಚವಿತ್ತು. ಸೊಂಟ ಮುರಿದು ಉಡುಪಿಯಿಂದ ಬಂದವರು ಮತ್ತೆ ಎದ್ದು ಓಡಾಡಲಿಲ್ಲ. ವೀಡಿಯೊ ಗೇಮಿನ ಪೆಟ್ಟಿಗೆಯೂ ಹೆಚ್ಚುಕಡಿಮೆ ಅದೇ ತಿಂಗಳು ಬಂತು. ಮಸ್ಕತ್‌ನಲ್ಲಿದ್ದ ಮಾವ ನನ್ನ ತಮ್ಮನಿಗಾಗಿ ತಂದದ್ದು. ನಾನಾಗ ಖಾರಘರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಮನೆಯಲ್ಲಿ ಏನು ಕೆಟ್ಟರೂ ನನ್ನನ್ನೇ ಕೇಳುತ್ತಿದ್ದರು.

ವರ್ಷ ತುಂಬುವ ಮೊದಲೇ ಪೆಟ್ಟಿಗೆಯ ಮುಂದೆ ಮೂರು ಕೆಂಪು ದೀಪ ಹತ್ತಿ ಆಟ ನಿಂತಿತು. ಆ ಮಾದರಿಗೆಲ್ಲ ಇದ್ದ ರೋಗವದು. ಬಿಸಿಯೇರಿ ಒಳಗಿನ ಬೆಸುಗೆ ಬಿಡುತ್ತಿತ್ತು. ದೇಶವಿದೇಶಗಳಲ್ಲಿ ಗಲಾಟೆಯಾಗಿ ಕಂಪನಿ ಗ್ಯಾರಂಟಿಯ ಅವಧಿ ಹೆಚ್ಚಿಸಿತ್ತು. ನಮಗೆ ಅದೂ ದಕ್ಕಲಿಲ್ಲ. ನಕಲಿ ಡಿಸ್ಕ್ ಓಡಲೆಂದು ಠಾಣೆ ಪೇಟೆಯ ಒಂದು ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿದ್ದೆವು. ಸರ್ವಿಸ್ ಸೆಂಟರಿನವನು ಹರಿದ ಸೀಲಿನ ಮೇಲೆ ಉಗುರಾಡಿಸಿ, "ಮ್ಯಾಡಮ್, ಯೇ ತೋ ಖುಲಾ ಹುವಾ ಹೈ," ಎಂದು, ಬಿಚ್ಚಿದ್ದಕ್ಕೆ ಗ್ಯಾರಂಟಿಯಿಲ್ಲವೆಂದು ವಾಪಸ್ ತಳ್ಳಿದ.

ಇಂಟರ್ನೆಟ್ಟಿನಲ್ಲಿ ಉಪಾಯ ಸಿಕ್ಕಿತು. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ ಚಾಲೂ ಇಡುವುದು. ತನ್ನ ಬಿಸಿಗೆ ತಾನೇ ಬೆಂದು ಬೆಸುಗೆ ಕೂಡಿಕೊಳ್ಳುತ್ತದಂತೆ. ನಿಜಕ್ಕೂ ನಾಲ್ಕೈದು ದಿನ ಆಟ ನಡೆಯುತ್ತಿತ್ತು, ಮತ್ತೆ ದೀಪ ಹತ್ತಿದರೆ ಮತ್ತೆ ಸುತ್ತುತ್ತಿದ್ದೆ. ಬೆಂಕಿ ಹತ್ತೀತು, ಹೀಗೆ ಮಾಡಬೇಡಿ ಎಂದು ಅದೇ ಪುಟದ ಕೆಳಗೆ ಯಾರೋ ಬರೆದಿದ್ದರು. ಓದಿದ್ದೆ.

ಒಂದು ದಿನ ಅಜ್ಜಿ ಕೈ ಚಾಚಿ ಆ ಗಂಟನ್ನು ಮುಟ್ಟಿದರು.

"ಎಂಥದು ಇದು? ಬೆಚ್ಚಗೆ ಉಂಟಲ್ಲ."

"ಮಶೀನಿಗೆ ಜ್ವರ, ಅಜ್ಜಿ."

"ಜ್ವರ ಬಂದವರಿಗೆ ಬೈರಾಸು ಸುತ್ತುದಾ? ನಿನ್ನ ಕಾಲೇಜಿನಲ್ಲಿ ಇದನ್ನೇ ಕಲಿಸುದಾ? ನನ್ನ ಕಾಲಿನ ಹತ್ರ ಇಡು ಮಾರಾಯ್ತಿ. ಈ ಊರಿನ ಚಳಿ ಎಲ್ಲ ನನ್ನ ಪಾದಕ್ಕೇ ಬರುದು."

ಇಟ್ಟೆ. ಆಮೇಲೆ ಅಪ್ಪ ಅಮ್ಮ ಮನೆಯಲ್ಲಿಲ್ಲದಾಗಲೆಲ್ಲ ಅದೇ ರೂಢಿಯಾಯಿತು: ತಮ್ಮನಿಗೆ ಆಟ, ಅಜ್ಜಿಗೆ ಶಾಖ. ಅವರಿಗೆ ಹಳೆಯ ಸಕ್ಕರೆ ಕಾಯಿಲೆ, ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಅಷ್ಟೆ.

ಸಂಕ್ರಾಂತಿ ಕಳೆದ ಭಾನುವಾರ ಮಧ್ಯಾಹ್ನ ಅಮ್ಮ ಪಕ್ಕದ ಬಿಲ್ಡಿಂಗಿನ ಹಳದಿ-ಕುಂಕುಮಕ್ಕೆ ಹೋಗಿದ್ದರು. ಅಪ್ಪ ಪಕ್ಕದ ಊರು ಕಲ್ಯಾಣದ ಹೋಟೆಲಿನಲ್ಲಿ ಕೆಲಸದಲ್ಲಿದ್ದರು. ನಾನು ಗಂಟನ್ನು ಅಜ್ಜಿಯ ಪಾದಕ್ಕೆ ಒತ್ತಿಟ್ಟೆ.

"ಅಕ್ಕ, ಚಲ್ ನಾ, ಡಿಸ್ಕ್ ಬದಲ್‌ಕೆ ಆತೇ ಹೈ. ದಸ್ ಮಿನಿಟ್," ಎಂದ ತಮ್ಮ. ಡಿಸ್ಕ್ ಬದಲಿಸಿ ಹತ್ತು ನಿಮಿಷದಲ್ಲಿ ಬರುವುದಲ್ಲವೇ ಎಂದು ಪೆಟ್ಟಿಗೆಯನ್ನು ಚಾಲೂ ಬಿಟ್ಟೇ ಹೊರಟೆವು.

ಸ್ಟೇಷನ್ ಬಳಿಯ ಅಂಗಡಿಯಲ್ಲಿ ಅವನು ಒಂದೊಂದೇ ಡಿಸ್ಕ್ ಹಾಕಿಸಿ ನೋಡಿದ. ನಾನು ಹೊರಗೆ ಸಿಕ್ಕ ಗೆಳತಿಯೊಡನೆ ಹರಟುತ್ತಾ ನಿಂತೆ. ಒಂದೂಕಾಲು ಗಂಟೆ.

ಬಾಗಿಲು ತೆರೆದಾಗ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅಜ್ಜಿ ರಜಾಯಿಯನ್ನು ಗಂಟಿನ ಮೇಲೂ ಎಳೆದುಕೊಂಡು ಮಲಗಿದ್ದರು. ವಯರು ಕಿತ್ತೆ. ಬೈರಾಸಿನ ಒಳಮಗ್ಗುಲು ಕಂದುಬಣ್ಣಕ್ಕೆ ತಿರುಗಿತ್ತು. ಅಜ್ಜಿಯ ಪಾದದ ಬದಿಯಲ್ಲಿ ಅಂಗೈಯಗಲ ಚರ್ಮ ಬಿಳಿಚಿ ಉಬ್ಬಿತ್ತು.

ಅಜ್ಜಿ ಕಣ್ಣು ಬಿಟ್ಟರು. "ಬಂದ್ರಾ? ಇವತ್ತು ಚಂದ ನಿದ್ದೆ ಬಂತು."

ಈಗಲೂ ಆ ಬಾಗಿಲನ್ನು ಮನಸ್ಸಿನಲ್ಲಿ ತೆರೆಯುತ್ತಿರುತ್ತೇನೆ. ಕೆಲವು ಸಲ ಒಳಗೆ ಹೊಗೆ ತುಂಬಿರುತ್ತದೆ. ಕೆಲವು ಸಲ ಅಜ್ಜಿ ಕಣ್ಣು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ಇದು ಹೇಗಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಅಮ್ಮ ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಬಿಸಿನೀರಿನ ಚೀಲ. ನಾನೇ ಕೇಳಿ ಇಡಿಸಿಕೊಂಡದ್ದು. ಹೇಳು ಅವರಿಗೆ," ಎಂದರು, ನನ್ನನ್ನೇ ನೋಡುತ್ತಾ.

ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ಬರೆದುಕೊಂಡರು.

ಗಾಯ ಮಾಯಲಿಲ್ಲ. ಹೋಳಿಯ ಹೊತ್ತಿಗೆ ಅಜ್ಜಿಯ ಕಾಲಿನ ಎರಡು ಬೆರಳು ತೆಗೆದರು. ಅಂದು ಮನೆಗೆ ಬಂದವರೇ ಅಮ್ಮ ಕಪಾಟಿನಿಂದ ರಬ್ಬರಿನ ಬಿಸಿನೀರು ಚೀಲವನ್ನು ಹೊರಗೆಳೆದು, ಶಾಪ ಹಾಕುತ್ತಾ ಕತ್ತರಿಯಿಂದ ತುಂಡು ತುಂಡು ಮಾಡಿದರು. ರಬ್ಬರು ದಪ್ಪಗಿತ್ತು, ಕತ್ತರಿ ಓಡಲಿಲ್ಲ. "ಹಿಡ್ಕೋ," ಎಂದರು. ನಾನು ಇನ್ನೊಂದು ತುದಿಯನ್ನು ಹಿಡಿದುಕೊಂಡೆ.