ಆಯುಧಪೂಜೆಗೆ ಅಣ್ಣ ತಂದ ಕೋವಿ

ನನ್ನಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್, ಮನೆಯಲ್ಲಿ ಬಡಾಯಿಗಾರ. ಹೋದ ವರ್ಷ ಆಯುಧಪೂಜೆಗೆಂದು ವಿಲಾಯಿತಿಯ ಕೆಂಟನ್‌ನಲ್ಲಿರುವ ಅವನ ಮನೆಗೆ ಹೋದರೆ, ಸ್ಟೆತಸ್ಕೋಪು, ಲ್ಯಾಪ್‌ಟಾಪು, ಕಾರಿನ ಕೀಲಿಗಳನ್ನೆಲ್ಲ ಮೂಲೆಗೆ ತಳ್ಳಿ ನಡುವೆ ಒಂದು ಹಳೆಯ ಕೋವಿಯನ್ನು ಮಲಗಿಸಿದ್ದ. ಹರಾಜಿನಲ್ಲಿ ಕೊಂಡದ್ದು, ಗುಂಡು ಹಾರದಂತೆ ನಳಿಗೆ ಮುಚ್ಚಿದ್ದು. ಅದಕ್ಕೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ ಬೇರೆ!

ಮಂಗಳಾರತಿಗೆ ಮೊದಲು ಅಣ್ಣನ ಉಪನ್ಯಾಸ. ಹಿಂದೆಲ್ಲ ಒಂದು ಗುಂಡು ಹಾರಿಸಿ ಇನ್ನೊಂದು ತುಂಬಬೇಕಿತ್ತು. ಆಮೇಲೆ ಚಿಲಕದಂತೆ ಎಳೆದು ತಳ್ಳುವ ಬೋಲ್ಟು ಬಂತು, ಕೆಳಗೆ ಎಂಟು ತೋಟಾ ಹಿಡಿಯುವ ಪೆಟ್ಟಿಗೆ ಬಂತು, ಎಂಟು ಹತ್ತಾಯಿತು. ಹೊಗೆಯಿಲ್ಲದ ಹೊಸ ಮದ್ದು ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ಗೀರುಗಳನ್ನು ಸವೆಸಿದಾಗ ಇಲ್ಲೇ ಎನ್‌ಫೀಲ್ಡ್‌ನ ಕೋವಿ ಕಾರ್ಖಾನೆಯಲ್ಲಿ ಆಳವಾದ ಗೀರು ಕೊರೆದರು. ಇಷ್ಟು ನಿಜ. ಬುರುಡೆ ಶುರುವಾದದ್ದು ಆಮೇಲೆ.

"ನಮ್ಮ ಮುತ್ತಜ್ಜ ಬ್ರಿಟಿಷರ ಸೇನೇಲಿ ಸಿಪಾಯಿ ಆಗಿದ್ದಾಗ ಹಿಡಿದಿದ್ದು ಇಂಥದ್ದೇ!"

ಅವನ ಹನ್ನೆರಡು ವರ್ಷದ ಮಗಳು ನನ್ನ ಕಡೆ ತಿರುಗಿದಳು. "ಅತ್ತೆ, ಇಸ್ ದಟ್ ಟ್ರೂ? ಮಂಡೇ ಕ್ಲಾಸಲ್ಲಿ ನಾನು ಇದ್ರ ಬಗ್ಗೇನೇ ಟಾಕ್ ಕೊಡ್ಬೇಕು."

ತರಗತಿಯೆದುರು ಆ ಮಗು ಸುಳ್ಳು ಹೇಳಿ ಸಿಕ್ಕಿಬೀಳುವುದನ್ನು ನೆನೆದು ಮೈಯುರಿಯಿತು.

"ಸುಳ್ಳು ಕಣೇ. ಆಗ ಈ ಹೊಸ ಕೋವಿ ಬಿಳಿಯರಿಗೆ ಮಾತ್ರ. ದಂಗೆ ಏಳ್ತಾರೆ ಅಂತ ನಮ್ಮೋರ್ನ ನಂಬ್ತಿರ್ಲಿಲ್ಲ, ಅದಕ್ಕೆ ಒಂದೇ ಗುಂಡಿನ ಹಳೇದನ್ನ ಕೊಡ್ತಿದ್ರು."

"ಹಬ್ಬದ ದಿನ ಇದೆಲ್ಲ ಯಾಕೆ ನಿಂಗೆ?" ಅಣ್ಣ ರೇಗಿದ.

ಯಾಕೆಂದರೆ ಯಾವ ಸೇನೆ ಮುತ್ತಜ್ಜನನ್ನು ನಂಬಲಿಲ್ಲವೋ ಅದೇ ಸೇನೆಯ ಕೋವಿಗೆ ಮರಿಮೊಮ್ಮಗ ಹಾರ ಹಾಕಿ ಎದೆಯುಬ್ಬಿಸುತ್ತಿದ್ದಾನೆ. ಇದಕ್ಕಿಂತ ನಾಚಿಕೆಗೇಡು ನಾನು ಕಂಡಿಲ್ಲ. ಫೋನ್ ತೆಗೆದು ಮುತ್ತಜ್ಜನ ಫೋಟೋ ತೋರಿಸಿದೆ. ಮೈಮೇಲೆ ದೊಗಳೆ ಕೋಟು, ಕೈಯಲ್ಲಿ ಅದೇ ಒಂದು ಗುಂಡಿನ ಹಳೆಯ ಕೋವಿ, ಬರಿಗಾಲು. ಅಪ್ಪ ತೀರಿಕೊಂಡಾಗ ಚೌಕಟ್ಟು ಹಾಕಿದ ಇದರ ಮೂಲ ಫೋಟೋವನ್ನು ಮೊದಲು ಅಣ್ಣನಿಗೇ ಕೊಟ್ಟಿದ್ದೆವು. ಗೋಡೆಯಲ್ಲಿ ಜಾಗವಿಲ್ಲವೆಂದು ನನ್ನ ಕಡೆ ತಳ್ಳಿದ್ದ.

"ಐ ವಿಲ್ ಟೇಕ್ ದಿಸ್," ಅಂದಳು ಹುಡುಗಿ.

"ಬೇಡಮ್ಮ, ಕಾಲಲ್ಲಿ ಚಪ್ಪಲಿ ಕೂಡ ಇಲ್ಲ. ಫ್ರೆಂಡ್ಸೆಲ್ಲ ಏನಂದ್ಕೋತಾರೆ?" ಅಣ್ಣ ತಡೆದ.

ಅವಳು ಫೋಟೋ ದೊಡ್ಡದು ಮಾಡಿ ಮುಖ ನೋಡಿದಳು. ತಲೆಯೆತ್ತಿ ಅವನನ್ನು ನೋಡಿದಳು.

"ಬಟ್ ಅಪ್ಪ, ಹೀ ಲುಕ್ಸ್ ಜಸ್ಟ್ ಲೈಕ್ ಯು."

ಅಣ್ಣ ಕೋವಿಯ ಕಡೆ ತಿರುಗಿ ಜೋರಾಗಿ ಗಂಟೆ ಬಾರಿಸತೊಡಗಿದ.