ನೀರು ಬರುವ ಮಂಗಳವಾರ

ಮರಳೂರಿನ ಯಾವ ಹೋರಾಟಕ್ಕೆ ಎಷ್ಟು ಜನ ಸೇರಿದ್ದರು ಎಂಬುದು ಪೊಲೀಸರಿಗಿಂತ ಕಲ್ಲಮ್ಮನಿಗೆ ಸರಿಯಾಗಿ ಗೊತ್ತು. ಬಂದವರ ಚಿತ್ರಾನ್ನಕ್ಕೆ ಎಷ್ಟು ಸೇರು ಅಕ್ಕಿ ಹಾಕಿದ್ದೆ ಎಂದು ನೆನಪಿಸಿಕೊಂಡರೆ ಸಾಕು. ರಸ್ತೆಯ ಹೋರಾಟ ಹತ್ತು ಸೇರು, ಬೀದಿದೀಪದ್ದು ನಾಲ್ಕು. ಹಾಗಲವಾಡಿಯಿಂದ ಮದುವೆಯಾಗಿ ತುಮಕೂರಿನ ಈ ಬಡಾವಣೆಗೆ ಬಂದ ಮರುವರ್ಷವೇ ಗಂಡ ಷಡಕ್ಷರಿ ನಾಗರಿಕ ಸಮಿತಿಯ ಅಧ್ಯಕ್ಷನಾದ. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಇಳಿದಿಲ್ಲ. ಈಕೆಗೆ ಸಮಿತಿಯಲ್ಲಿ ಯಾವ ಹುದ್ದೆಯೂ ಇಲ್ಲ. ಕೊಟ್ಟಿದ್ದರೆ ಒಗ್ಗರಣೆ ಹಾಕುವವರು ಯಾರು?

ಈ ಬೇಸಿಗೆಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ, ಬೆಳಿಗ್ಗೆ ಎರಡೇ ಗಂಟೆ ಹೊತ್ತು ಬರತೊಡಗಿತು. ಪಕ್ಕದ ಮನೆಯ ಬಾಣಂತಿ ತ್ರಿವೇಣಿಗೆ ಶುಕ್ರವಾರವೇ ಡ್ರಮ್ ತಳ ಕಾಣುತ್ತಿತ್ತು. ಸಮಿತಿ ಕಲ್ಲಮ್ಮನ ನಡುಮನೆಯಲ್ಲಿ ಸಭೆ ಸೇರಿ ತೀರ್ಮಾನಿಸಿತು: ಮಂಗಳವಾರ ಹತ್ತು ಗಂಟೆಗೆ ಟೌನ್‌ಹಾಲ್‌ನಿಂದ ನೀರಿನ ಕಚೇರಿಗೆ ಮೆರವಣಿಗೆ. ಖಾಲಿ ಕೊಡ ಹೊತ್ತು ನೂರು ಹೆಂಗಸರು ಮುಂದೆ. ಬ್ಯಾನರ್‌ನಲ್ಲಿ ಮಾತ್ರ ಗಂಡಸರ ಮುಖ.

ಕಾಫಿ ತಂದ ಕಲ್ಲಮ್ಮ, "ರೀ, ಮಂಗಳವಾರ ಬ್ಯಾಡ, ಅವತ್ತು..." ಎಂದಳು.

"ಅಮಾವಾಸ್ಯೆನಾ?"

"ಅಲ್ಲ..."

"ಮತ್ತೆ ಸುಮ್ನಿರು. ಹೋರಾಟಕ್ಕೆಲ್ಲ ಒಳ್ಳೆ ದಿನ ನೋಡಕ್ಕಾಗಲ್ಲ ಕಣೇ. ಹದಿನೈದು ಸೇರು ಹಾಕ್ಬುಡು."

ಕಲ್ಲಮ್ಮ ಕಾಫಿ ಕೊಟ್ಟು ಒಳಗೆ ಹೋದಳು. ಮಂಗಳವಾರ ಮೂರು ಸೇರು ಹಾಕಿದಳು.

ಟೌನ್‌ಹಾಲ್ ಮುಂದೆ ಮೂವತ್ತು ಗಂಡಸರು, ಒಂದು ಮೈಕು. ಒಂದು ಕೊಡವೂ ಇಲ್ಲ. ಷಡಕ್ಷರಿ ಮನೆಗೆ ಫೋನ್ ಮಾಡಿದ.

"ಎಲ್ಲೇ ಹೆಂಗಸ್ರು? ಖಾಲಿ ಕೊಡ ಎಲ್ಲಿ?"

"ಕೊಡ ಖಾಲಿ ಇಲ್ಲ ಕಣ್ರೀ. ನೀರ್ ಬಂದೈತೆ, ಎಲ್ಲಾ ಹಿಡೀತಾ ಇದೀವಿ."

"ಇವತ್ತಾ?"

"ಪ್ರತಿ ಮಂಗಳವಾರ."

ದಿನಾ ಎರಡು ಬಕೆಟ್ ಸ್ನಾನ ಮಾಡುವ ಅಧ್ಯಕ್ಷರಿಗೆ ಇದು ಹೊಸ ಸುದ್ದಿ.

ನೀರಿನ ಕಚೇರಿಯ ಸಾಹೇಬರು ಮನವಿಪತ್ರದ ಮೇಲೆ ಟೀ ಲೋಟ ಇಟ್ಟು ನಕ್ಕರು. "ನೀರು ಬಿಟ್ಟಿರೋ ಹೊತ್ತಲ್ಲೇ ನೀರಿಲ್ಲ ಅಂತ ಬಂದಿದೀರಲ್ಲ ಸ್ವಾಮಿ! ನಿಮ್ಮ ಹೆಂಗಸ್ರಿಗೇ ತೊಂದ್ರೆ ಇಲ್ಲ. ಹತ್ತು ದಿನಕ್ಕೊಂದ್ಸಲ ಬಿಟ್ರೂ ನಡೆಯುತ್ತೆ ಬಿಡಿ."

ಸುದ್ದಿ ಕೇಳಿ ತ್ರಿವೇಣಿ ಕೂಸನ್ನೆತ್ತಿಕೊಂಡು ಬಂದಳು. "ಹತ್ ದಿನನಾ? ಮಗೀನ ಬಟ್ಟೆ ಯಾವುದ್ರಲ್ಲಿ ಒಗೀಲಿ ಅಕ್ಕಾ?"

"ಒಗೀಬ್ಯಾಡ," ಎಂದಳು ಕಲ್ಲಮ್ಮ. "ಸೋಮವಾರದವರೆಗೆ ಗಂಟು ಕಟ್ಟಿಡು. ಅವತ್ತು ಯಾರ ಕೊಡದಲ್ಲೂ ಹನಿ ನೀರಿರಲ್ಲ."

ಸೋಮವಾರ ಬೀದಿಬೀದಿಯ ಹೆಂಗಸರು ಖಾಲಿ ಕೊಡದ ಜೊತೆ ವಾರದ ಕೊಳೆಬಟ್ಟೆ ಹೊತ್ತು ನಡೆದರು. ತ್ರಿವೇಣಿಯ ಗಂಟು ಎಲ್ಲಕ್ಕಿಂತ ಮುಂದೆ. ಎಲ್ಲವನ್ನೂ ಕಚೇರಿಯ ಪಡಸಾಲೆಯಲ್ಲಿ ಬಿಚ್ಚಿಟ್ಟು ಫ್ಯಾನ್ ಕೆಳಗೆ ಕೂತರು. ಭಾಷಣ ಇರಲಿಲ್ಲ, ವಾಸನೆ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಬರೆದುಕೊಟ್ಟರು: ನಾಲ್ಕು ದಿನಕ್ಕೊಮ್ಮೆ.

ಅಷ್ಟು ಹೊತ್ತೂ ಹಿಂದೆ ನಿಂತಿದ್ದ ಷಡಕ್ಷರಿ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಚಿತ್ರಾನ್ನ ಎಲ್ಲೇ?"

"ಅಕ್ಕಿ ತೊಳೆಯೋಕೆ ನೀರೆಲ್ಲಿತ್ತು? ಅದಕ್ಕೇ ಅಲ್ವೇನ್ರೀ ನಾವು ಬಂದಿರೋದು?"

ಅಂದು ಎಷ್ಟು ಜನ ಸೇರಿದ್ದರೆಂದು ಕೇಳಿದರೆ ಕಲ್ಲಮ್ಮನಿಗೆ ಇಂದಿಗೂ ಗೊತ್ತಿಲ್ಲ. ಅಕ್ಕಿ ಹಾಕಿರಲಿಲ್ಲವಲ್ಲ.